ಗುದ್ದಲಿ ಹಿಡಿದು ಬಂದ ಅತಿಥಿಗಳು

1934ರ ಜನವರಿ 15. ಮಧ್ಯಾಹ್ನ ಎರಡು ಗಂಟೆ ದಾಟಿತ್ತು. ಉತ್ತರ ಬಿಹಾರದ ನೆಲ ನಡುಗಿತು. ಮುಂಗೇರ್ ಪಟ್ಟಣ ಮಣ್ಣುಗೂಡಿತು. ಮುಜಫ್ಫರ್‌ಪುರ, ದರ್ಭಂಗಾ ಕಡೆಯ ಹೊಲಗಳಲ್ಲಿ ನೆಲ ಬಾಯಿಬಿಟ್ಟು ಮರಳೂ ನೀರೂ ಉಕ್ಕಿದವು. ಬೆಳೆ ಬೆಳೆಯುತ್ತಿದ್ದ ಭೂಮಿಯ ಮೇಲೆ ಮರಳು ಹಾಸಿಕೊಂಡಿತು. ಸೆರೆಮನೆಯಿಂದ ಆಗ ತಾನೇ ಬಿಡುಗಡೆಯಾದ ರಾಜೇಂದ್ರ ಪ್ರಸಾದರು ಮೈಯಲ್ಲಿ ಹುಷಾರಿಲ್ಲದಿದ್ದರೂ ಪರಿಹಾರದ ಕೆಲಸಕ್ಕೆ ನಿಂತರು. ಗಾಂಧೀಜಿ ಬಂದು ಊರೂರು ತಿರುಗಿದರು.

ಅದೇ ವರ್ಷದ ಬೇಸಿಗೆಯಲ್ಲಿ ಸ್ವಿಟ್ಜರ್ಲೆಂಡಿನಿಂದ ಒಬ್ಬರು ಒಂಟಿಯಾಗಿ ಬಂದಿಳಿದರು. ಹೆಸರು ಪಿಯರ್ ಸೆರೆಸೋಲ್. ಓದಿದ್ದು ಎಂಜಿನಿಯರಿಂಗ್, ತಂದೆ ಒಂದು ಕಾಲಕ್ಕೆ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು, ವಯಸ್ಸು ಐವತ್ತು ದಾಟಿತ್ತು. ಗಾಂಧೀಜಿಗೆ ಅವರು ಹೊಸಬರಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತು ಮುಗಿಸಿಕೊಂಡು ಫ್ರೆಂಚ್ ಲೇಖಕ ರೊಮೇನ್ ರೋಲಾಂ ಅವರನ್ನು ನೋಡಲು ಗಾಂಧೀಜಿ ಸ್ವಿಟ್ಜರ್ಲೆಂಡಿಗೆ ಹೋದಾಗಲೇ ಪರಿಚಯವಾಗಿತ್ತು. ಸೆರೆಸೋಲ್ ಬಂದದ್ದು ನೋಡಲು, ಕೇಳಲು. ಊರುಗಳನ್ನು ನೋಡಿದರು, ರಾಜೇಂದ್ರ ಪ್ರಸಾದರ ಜೊತೆ, ಅಧಿಕಾರಿಗಳ ಜೊತೆ ಮಾತನಾಡಿದರು, ಯಾವ ಕೆಲಸಕ್ಕೆ ತಮ್ಮಂಥವರ ಕೈ ಬೇಕು ಎಂದು ವಿಚಾರಿಸಿದರು. ಆಮೇಲೆ ವಾಪಸು ಹೋದರು. ವರ್ಷ ಮುಗಿಯುವ ಹೊತ್ತಿಗೆ ಸಂಗಾತಿಗಳನ್ನು ಕಟ್ಟಿಕೊಂಡು ಮರಳಿ ಬಂದರು. ಭೂಕಂಪದ ನಂತರ ಕೆಲವು ಹಳ್ಳಿಗಳಿಗೆ ಪ್ರವಾಹದ ಕಾಟ ಹೆಚ್ಚಿತ್ತು. ಅಂಥ ಊರುಗಳನ್ನು ಎತ್ತರದ ಜಾಗಕ್ಕೆ ಎಬ್ಬಿಸಿ ಹೊಸದಾಗಿ ಕಟ್ಟುವ ಕೆಲಸ ಅವರದಾಯಿತು. ಹಾಗೆ ಕಟ್ಟಿದ ಒಂದು ಊರಿಗೆ ಶಾಂತಿಪುರ ಎಂದು ಹೆಸರಾಯಿತು. 1937ರವರೆಗೆ ತಂಡ ತಂಡವಾಗಿ ಅವರ ಜನ ಬರುತ್ತಲೇ ಇದ್ದರು. ದೊರೆಗಳ ಬಣ್ಣದವರು ಕೂಲಿಯವರ ಪಕ್ಕದಲ್ಲಿ ನಿಂತು ಮಣ್ಣಿನ ಬುಟ್ಟಿ ಹೊರುವುದು ಬ್ರಿಟಿಷರ ಕಾಲದ ಬಿಹಾರದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ.

ಬಿಹಾರಕ್ಕೆ ಬರುವುದಕ್ಕೂ ಹದಿನಾಲ್ಕು ವರ್ಷ ಹಿಂದೆ, 1920ರಲ್ಲಿ, ಫ್ರಾನ್ಸಿನ ವೆರ್ದಂ ಬಳಿಯ ಎಸ್ನ್ ಎಂಬ ಹಳ್ಳಿಯಲ್ಲಿ ಸೆರೆಸೋಲ್ ಇಂಥ ಮೊದಲ ಶಿಬಿರ ನಡೆಸಿದ್ದರು. ಮೊದಲ ಮಹಾಯುದ್ಧದಲ್ಲಿ ನುಚ್ಚುನೂರಾದ ಊರು. ಯುದ್ಧದಲ್ಲಿ ಎದುರುಬದುರಾಗಿದ್ದ ದೇಶಗಳ ಜನ ಒಟ್ಟಿಗೆ ದುಡಿದು ಅದನ್ನು ಮತ್ತೆ ಕಟ್ಟಬೇಕು ಎಂಬ ಆಸೆ. ತಂಡದಲ್ಲಿ ಜರ್ಮನ್ನರೂ ಇದ್ದರು. ಕೆಲಸವೇನೋ ಚೆನ್ನಾಗಿ ನಡೆಯಿತು. ಆದರೆ ಜರ್ಮನ್ನರು ತಮ್ಮ ಊರಲ್ಲಿರುವುದು ಕೆಲವರಿಗೆ ಸಹಿಸಲಾಗಲಿಲ್ಲ; ಐದು ತಿಂಗಳಿಗೆ ಶಿಬಿರ ಎತ್ತಬೇಕಾಯಿತು. ಮನೆ ಮಕ್ಕಳನ್ನು ಕಳೆದುಕೊಂಡ ಊರು, ಅವರನ್ನು ತಪ್ಪು ಎನ್ನಲು ನಾವು ಯಾರು? ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಹುಟ್ಟಿದ್ದು ಈ ಅರ್ಧಕ್ಕೆ ನಿಂತ ಶಿಬಿರದಿಂದ. ಅತಿಥಿ ಎಷ್ಟೇ ಒಳ್ಳೆಯವನಿರಲಿ, ಮನೆಯವರ ಒಪ್ಪಿಗೆ ಇಲ್ಲದೆ ಅಂಗಳದಲ್ಲಿ ಗುದ್ದಲಿ ಆಡಿಸುವಂತಿಲ್ಲ ಎಂದು ಎಸ್ನ್‌ನಲ್ಲಿ ಕಲಿತದ್ದಕ್ಕೇ ಇರಬೇಕು, ಬಿಹಾರಕ್ಕೆ ಮೊದಲು ಒಬ್ಬರೇ ಬಂದು ಕೇಳಿಕೊಂಡು ಹೋದದ್ದು.

ಇಷ್ಟನ್ನು ಮೊದಲಿಗೇ ಹೇಳಲು ಕಾರಣವಿದೆ. ಬಡದೇಶಗಳ ಹಳ್ಳಿಗಳಿಗೆ ಸೇವೆಗೆಂದು ಪ್ರವಾಸ ಹೋಗುವ ಯುವಕ ಯುವತಿಯರ ಸಂಖ್ಯೆ ಇಂದು ಲಕ್ಷಗಳಲ್ಲಿದೆ. ಎರಡು ವಾರ, ಮೂರು ವಾರ, ಒಂದು ರಜೆ. ಶಾಲೆಯ ಗೋಡೆ ಕಟ್ಟುವುದು, ಬಾವಿ ತೋಡುವುದು, ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು. ಇದನ್ನು ಪೂರ್ತಿ ಹೊಗಳುವವರೂ ಇದ್ದಾರೆ, ಪೂರ್ತಿ ಬೈಯುವವರೂ ಇದ್ದಾರೆ. ನನ್ನ ಮಾತು ಇಷ್ಟೆ: ಇಂಥ ಪ್ರವಾಸದಿಂದ ಲಾಭ ಆಗುವುದು ಬಹುಮಟ್ಟಿಗೆ ಹೋದವರಿಗೆ. ಅದನ್ನು ಒಪ್ಪಿಕೊಂಡು ಹೋದರೆ ತೊಂದರೆ ಕಡಿಮೆ. ಹಳ್ಳಿಯನ್ನು ಉದ್ಧಾರ ಮಾಡಲು ಹೊರಟಿದ್ದೇವೆ ಎಂದುಕೊಂಡರೆ ತೊಂದರೆ ಶುರು.

ಎರಡನೇ ಮಹಾಯುದ್ಧ ಮುಗಿದು, ಏಷ್ಯಾ ಆಫ್ರಿಕಾಗಳ ದೇಶಗಳು ಒಂದೊಂದಾಗಿ ಸ್ವತಂತ್ರವಾದಾಗ ಈ ಕೆಲಸಕ್ಕೆ ಸರ್ಕಾರಗಳ ಬಲ ಬಂತು. 1958ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಡಿಕ್ಸನ್ ದಂಪತಿ ವಿಎಸ್‌ಒ ಎಂಬ ಸಂಸ್ಥೆ ಶುರು ಮಾಡಿ, ಶಾಲೆ ಮುಗಿಸಿ ವಿಶ್ವವಿದ್ಯಾಲಯ ಸೇರುವ ನಡುವೆ ಒಂದು ವರ್ಷ ಬಿಡುವಿದ್ದ ಹುಡುಗರನ್ನು ಹೊರದೇಶಗಳಿಗೆ ಕಳಿಸಿದರು. 1960ರ ಅಕ್ಟೋಬರ್‌ನಲ್ಲಿ ಒಂದು ರಾತ್ರಿ, ಎರಡು ಗಂಟೆಯ ಹೊತ್ತಿನಲ್ಲಿ, ಚುನಾವಣಾ ಪ್ರಚಾರದಲ್ಲಿದ್ದ ಜಾನ್ ಕೆನಡಿ ಮಿಶಿಗನ್ ವಿಶ್ವವಿದ್ಯಾಲಯದ ಮೆಟ್ಟಿಲ ಮೇಲೆ ನಿಂತು, ನಿಮ್ಮಲ್ಲಿ ಎಷ್ಟು ಜನ ದೂರದ ದೇಶಗಳಿಗೆ ಹೋಗಿ ದುಡಿಯಲು ಸಿದ್ಧರಿದ್ದೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿದರು. ಮರುವರ್ಷದ ಮಾರ್ಚ್ 1ಕ್ಕೆ ಪೀಸ್ ಕೋರ್ ಎಂಬ ಸರ್ಕಾರಿ ಸೇವಾಪಡೆ ಹುಟ್ಟಿತು. 1965ರಲ್ಲಿ ಜಪಾನ್ ತನ್ನದೇ ಯುವಪಡೆ ಕಟ್ಟಿ ಮೊದಲ ತಂಡವನ್ನು ಲಾವೋಸಿಗೆ ಕಳಿಸಿತು. ಇವುಗಳಲ್ಲಿ ಹಳ್ಳಿಯ ಮೇಲಿನ ಪ್ರೀತಿ ಎಷ್ಟು, ಶೀತಲ ಸಮರದ ಲೆಕ್ಕಾಚಾರ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಎರಡೂ ಇದ್ದವು.

ಪೀಸ್ ಕೋರ್‌ಗೆ ಮೊದಲ ಪೆಟ್ಟು ಬಿದ್ದದ್ದು ಒಂದು ಪೋಸ್ಟ್‌ಕಾರ್ಡಿನಿಂದ. 1961ರ ಅಕ್ಟೋಬರ್, ನೈಜೀರಿಯಾದ ಇಬಾದಾನ್. ತರಬೇತಿಗೆ ಬಂದಿದ್ದ ಅಮೆರಿಕದ ಯುವತಿಯೊಬ್ಬಳು ಊರಿನ ಗೆಳೆಯನಿಗೆ ಕಾರ್ಡು ಬರೆದಳು. ಇಲ್ಲಿನ ಕೊಳಕು, ಬೀದಿಯಲ್ಲೇ ನಡೆಯುವ ಬದುಕು, ಎಲ್ಲವನ್ನೂ ಬೆರಗಿನಿಂದ ಬರೆದಿದ್ದಳು. ಕಾರ್ಡು ಅಂಚೆ ಪೆಟ್ಟಿಗೆ ಸೇರುವ ಮುನ್ನ ದಾರಿಯಲ್ಲಿ ಬಿತ್ತು. ಸಿಕ್ಕಿದ್ದು ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ. ಪ್ರತಿಗಳು ಕೈಯಿಂದ ಕೈಗೆ ಹರಿದವು, ಪ್ರತಿಭಟನೆ ನಡೆಯಿತು, ಆಕೆ ನೈಜೀರಿಯಾ ಬಿಡಬೇಕಾಯಿತು. ಸ್ವಾತಂತ್ರ್ಯ ಬಂದು ಆಗಿನ್ನೂ ಒಂದು ವರ್ಷವಾಗಿದ್ದ ದೇಶ ಅದು. ಆ ಹುಡುಗಿಯಲ್ಲಿ ಕೇಡಿನ ಬುದ್ಧಿ ಇರಲಿಲ್ಲ. ಹೊಸ ಊರು ನೋಡಿದ ಯಾರಾದರೂ ಮನೆಗೆ ಬರೆಯುವಂಥದ್ದನ್ನೇ ಬರೆದಿದ್ದಳು. ಆದರೆ ನಮ್ಮ ಮನೆಯ ಬಗ್ಗೆ ಅತಿಥಿ ಬೇರೆಯವರಿಗೆ ಏನು ಬರೆಯುತ್ತಾನೆ ಎಂದು ಓದುವ ಅವಕಾಶ ನೈಜೀರಿಯಾದವರಿಗೆ ಅಂದು ಸಿಕ್ಕಿತು. ಇವತ್ತು ಅದೇ ಪೋಸ್ಟ್‌ಕಾರ್ಡು ಫೋಟೋ ಸಮೇತ ಇನ್‌ಸ್ಟಾಗ್ರಾಂನಲ್ಲಿ ಬೀಳುತ್ತದೆ. ಸುತ್ತ ಹತ್ತು ಮಕ್ಕಳು, ನಡುವೆ ನಗುವ ಒಂದು ಬಿಳಿ ಮುಖ. ಆ ಮಕ್ಕಳ ಹೆಸರು ಯಾರಿಗೂ ಗೊತ್ತಿರುವುದಿಲ್ಲ, ಅವರ ತಂದೆತಾಯಿಯನ್ನು ಯಾರೂ ಕೇಳಿರುವುದಿಲ್ಲ.

ಭಾರತಕ್ಕೆ ಪೀಸ್ ಕೋರ್ ಬಂದದ್ದೂ 1961ರಲ್ಲೇ. ಮೊದಲ ತಂಡ ಪಂಜಾಬಿಗೆ. 1976ರಲ್ಲಿ ಇಲ್ಲಿಂದ ಹೊರಡುವ ತನಕ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂದು ಹೋದರು. ಕೋಳಿ ಸಾಕಣೆ, ಬೇಸಾಯ, ಪೌಷ್ಟಿಕ ಆಹಾರ, ಶಾಲೆಯ ಪಾಠ. ಅಂದಿನ ನಮ್ಮ ಮೈಸೂರು ರಾಜ್ಯದ ಹಳ್ಳಿಗಳಲ್ಲೂ ಇದ್ದರು. ಕಾಲೇಜು ಮುಗಿಸಿದ ಅಮೆರಿಕದ ಹುಡುಗರು ಕನ್ನಡ ಕಲಿತು, ಹಳ್ಳಿಯಲ್ಲಿ ಬಾಡಿಗೆ ಮನೆ ಹಿಡಿದು, ಎರಡು ವರ್ಷ ಕಳೆದರು. ಬಂದವರೆಲ್ಲ ಹುಡುಗರೇ ಅಲ್ಲ. 1966ರಲ್ಲಿ ಮುಂಬಯಿ ಬಳಿಯ ವಿಕ್ರೋಲಿಗೆ ಅರವತ್ತೆಂಟು ವರ್ಷದ ಒಬ್ಬ ನರ್ಸ್ ಬಂದರು. ಅಲ್ಲಿನ ಕಾರ್ಖಾನೆ ಕಾಲೊನಿಯ ದವಾಖಾನೆಯಲ್ಲಿ ಬಡ ರೋಗಿಗಳ ಸೇವೆ ಮಾಡಿದರು. ಅವರ ಹೆಸರು ಲಿಲಿಯನ್ ಕಾರ್ಟರ್. ಹತ್ತು ವರ್ಷದ ನಂತರ ಮಗ ಜಿಮ್ಮಿ ಅಮೆರಿಕದ ಅಧ್ಯಕ್ಷ ಪದವಿಗೆ ಆರಿಸಿ ಬಂದಾಗ ವಿಕ್ರೋಲಿಯ ಜನಕ್ಕೆ ಅದು ಮನೆಯ ಸುದ್ದಿಯಾಯಿತು.

ಈ ಎರಡು ವರ್ಷ ಎನ್ನುವುದನ್ನು ನೆನಪಿಡಿ. ಮೊದಲ ಆರು ತಿಂಗಳು ಊರಿಗೆ ಸ್ವಯಂಸೇವಕನೇ ಒಂದು ಭಾರ. ಯಾವ ನೀರು ಕುಡಿಯಬೇಕು, ಯಾರ ಮನೆಗೆ ಯಾವ ಹೊತ್ತಿನಲ್ಲಿ ಹೋಗಬಾರದು, ಯಾರ ಜೊತೆ ಯಾರು ಮಾತು ಬಿಟ್ಟಿದ್ದಾರೆ, ಎಲ್ಲವನ್ನೂ ಊರವರೇ ಹೇಳಿಕೊಡಬೇಕು. ಎರಡನೇ ವರ್ಷಕ್ಕೆ ಆತ ಯಾವುದಾದರೂ ಒಂದು ಕೆಲಸಕ್ಕೆ ಬಂದಾನು. ಜಪಾನಿನವರು ಇದನ್ನು ಬಲ್ಲವರು. ಕೊಮಗಾನೆ, ನಿಹೊನ್‌ಮಾತ್ಸು ಎಂಬ ಎರಡು ಊರುಗಳಲ್ಲಿ ತರಬೇತಿ ಕೇಂದ್ರ ಇಟ್ಟು, ಹೋಗುವ ದೇಶದ ಭಾಷೆಯನ್ನು ಎರಡು ತಿಂಗಳಿಗೂ ಹೆಚ್ಚು ಕಾಲ ಕಲಿಸಿಯೇ ವಿಮಾನ ಹತ್ತಿಸುತ್ತಾರೆ. ಎರಡು ವಾರದ ಪ್ರವಾಸಿಗನದು ಏನಿದ್ದರೂ ಆ ಮೊದಲ ಆರು ತಿಂಗಳ ಭಾರದಲ್ಲಿ ಒಂದು ತುಣುಕು. ಉಪಯೋಗಕ್ಕೆ ಬರುವ ಹೊತ್ತಿಗೆ ಆತ ಊರಿನಲ್ಲೇ ಇರುವುದಿಲ್ಲ.

ಇದನ್ನು ಮುಖಕ್ಕೆ ಹೊಡೆದಂತೆ ಹೇಳಿದವರು ಇವಾನ್ ಇಲಿಚ್. ವಿಯೆನ್ನಾದಲ್ಲಿ ಹುಟ್ಟಿ, ಪಾದ್ರಿಯಾಗಿ, ಮೆಕ್ಸಿಕೋದ ಕುವೆರ್ನವಾಕಾದಲ್ಲಿ ಅಧ್ಯಯನ ಕೇಂದ್ರ ಕಟ್ಟಿದ್ದ ಚಿಂತಕ. ಲ್ಯಾಟಿನ್ ಅಮೆರಿಕಕ್ಕೆ ಸೇವೆಗೆಂದು ಬರುವ ಅಮೆರಿಕನ್ನರಿಗೆ ಸ್ಪ್ಯಾನಿಷ್ ಕಲಿಸುವುದೂ ಅಲ್ಲಿನ ಕೆಲಸವಾಗಿತ್ತು. 1968ರ ಏಪ್ರಿಲ್ 20ರಂದು ಶಿಕಾಗೋ ಬಳಿ ಒಂದು ವಿದ್ಯಾರ್ಥಿ ಸಮ್ಮೇಳನ. ಬೇಸಿಗೆ ರಜೆಯಲ್ಲಿ ಮೆಕ್ಸಿಕೋದ ಹಳ್ಳಿಗಳಿಗೆ ಸೇವೆಗೆ ಹೋಗಲು ಸಿದ್ಧವಾಗಿದ್ದ ಹುಡುಗ ಹುಡುಗಿಯರು. ಮಾತನಾಡಲು ಕರೆದದ್ದು ಇಲಿಚ್ ಅವರನ್ನು. ಅವರು ಎದ್ದು ನಿಂತು ಹೇಳಿದ್ದರ ಸಾರ ಇದು: ನಿಮ್ಮ ಸದುದ್ದೇಶದ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಸದುದ್ದೇಶದಿಂದ ಹಳ್ಳಿಗೆ ಏನೂ ಆಗದು. ನಿಮಗೆ ಅವರ ಭಾಷೆ ಬಾರದು. ನೀವು ಮಾಡುತ್ತಿರುವುದನ್ನು ಅವರು ಏನೆಂದುಕೊಂಡಿದ್ದಾರೆ ಎಂದೂ ನಿಮಗೆ ತಿಳಿಯದು. ನಿಮ್ಮ ಜೊತೆ ನಿಮಗೆ ತಿಳಿಯದಂತೆಯೇ ನಿಮ್ಮ ದೇಶದ ಐಶ್ವರ್ಯದ ಜಾಹೀರಾತು ಬರುತ್ತದೆ. ಮೆಕ್ಸಿಕೋಗೆ ಬನ್ನಿ, ನೋಡಿ, ಬೆಟ್ಟ ಹತ್ತಿ, ಓದಿ, ಕಲಿಯಿರಿ. ಸಹಾಯ ಮಾಡಲು ಮಾತ್ರ ಬರಬೇಡಿ.

ಕರೆದವರ ಧೈರ್ಯವನ್ನೂ ಮೆಚ್ಚಬೇಕು. ತಮ್ಮನ್ನು ಬೈಯುವವರೆಂದು ಗೊತ್ತಿದ್ದೇ ಕರೆದಿದ್ದರು. ನಮ್ಮ ಎಷ್ಟು ಸಂಘ ಸಂಸ್ಥೆಗಳ ವಾರ್ಷಿಕೋತ್ಸವದಲ್ಲಿ ಇಂಥ ಮುಖ್ಯ ಅತಿಥಿ ಸಿಕ್ಕಾರು?

ಇಲಿಚ್ ಮಾತನ್ನು ನಾನು ಇಡಿಯಾಗಿ ಒಪ್ಪುವುದಿಲ್ಲ. ಬಿಹಾರದಲ್ಲಿ ಮಣ್ಣು ಹೊತ್ತವರು ಅವರ ಲೆಕ್ಕದಲ್ಲಿ ಎಲ್ಲಿ ಕೂರುತ್ತಾರೆ? ಆದರೆ ಆ ಭಾಷಣದ ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ಆದದ್ದು ಇಲಿಚ್ ಹೆದರಿದ್ದಕ್ಕಿಂತ ಕೆಟ್ಟದು. ಸೇವೆಯನ್ನು ಪ್ರವಾಸದ ಕಂಪನಿಗಳು ಕೊಂಡುಕೊಂಡವು. ಸಫಾರಿ ಮೂರು ದಿನ, ಸೇವೆ ಹತ್ತು ದಿನ, ಸಮುದ್ರ ತೀರ ಎರಡು ದಿನ, ಎಲ್ಲ ಸೇರಿ ಇಷ್ಟು ಹಣ. ಯುವಕರನ್ನು ಹೊರದೇಶಕ್ಕೆ ಕಳಿಸುವ ಪದ್ಧತಿ ಶುರು ಮಾಡಿದ ವಿಎಸ್‌ಒ ಸಂಸ್ಥೆಯೇ 2007ರಲ್ಲಿ ಎಚ್ಚರಿಕೆ ಕೊಡಬೇಕಾಯಿತು: ಉಪಯೋಗವಿಲ್ಲದ ಇಂಥ ಸೇವಾ ಪ್ಯಾಕೇಜಿಗೆ ದುಡ್ಡು ಸುರಿಯುವುದಕ್ಕಿಂತ ಸುಮ್ಮನೆ ದೇಶ ಸುತ್ತಿ ಬರುವುದು ಒಳ್ಳೆಯದು ಎಂದು. ಹದಿಹರೆಯದವರಿಂದ ಶುರುವಾದ ಆ ಸಂಸ್ಥೆ ಅಷ್ಟರಲ್ಲಿ ಅನುಭವಸ್ಥ ವೈದ್ಯರು, ಸೂಲಗಿತ್ತಿ ನರ್ಸುಗಳು, ಶಿಕ್ಷಕರು, ಲೆಕ್ಕಪತ್ರದವರನ್ನು ಕಳಿಸುವ ಸಂಸ್ಥೆಯಾಗಿ ಬದಲಾಗಿತ್ತು.

ದುಡ್ಡಿನ ಲೆಕ್ಕವನ್ನೇ ತೆಗೆದುಕೊಳ್ಳೋಣ. 1998ರ ಅಕ್ಟೋಬರ್ ಕೊನೆಯಲ್ಲಿ ಮಿಚ್ ಎಂಬ ಚಂಡಮಾರುತ ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಕೊಚ್ಚಿ ಹಾಕಿತು. ಮನೆ ಕಟ್ಟಿಕೊಡಲು ಉತ್ತರ ಅಮೆರಿಕದ ಚರ್ಚುಗಳಿಂದ ತಂಡದ ಮೇಲೆ ತಂಡ ಹೊರಟಿತು. ಹೊಂಡುರಾಸ್‌ನಲ್ಲೇ ನೆಲೆಸಿದ್ದ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ಕೆಲವು ವರ್ಷಗಳ ನಂತರ ಇದರ ಲೆಕ್ಕ ಹಾಕಿದರು. ವಿಮಾನದ ಟಿಕೆಟ್ಟು, ಊಟ, ವಸತಿ ಎಲ್ಲ ಸೇರಿ ಹೊರಗಿನ ತಂಡ ಒಂದು ಮನೆ ಕಟ್ಟಲು ಆದ ಖರ್ಚು ಸುಮಾರು 30,000 ಡಾಲರ್. ಅಂಥದೇ ಮನೆಯನ್ನು ಸ್ಥಳೀಯ ಗಾರೆ ಕೆಲಸದವರಿಂದ ಕಟ್ಟಿಸಿದರೆ ಸುಮಾರು 2,000 ಡಾಲರ್. ಅಂದರೆ ಒಂದು ಮನೆಯ ದುಡ್ಡಿನಲ್ಲಿ ಹದಿನೈದು ಮನೆ ಏಳುತ್ತಿತ್ತು. ಚಂಡಮಾರುತದಲ್ಲಿ ಕೆಲಸ ಕಳೆದುಕೊಂಡ ಊರಿನ ಮೇಸ್ತ್ರಿಗೂ ಕೂಲಿ ಸಿಗುತ್ತಿತ್ತು. ವಿದೇಶೀಯರು ಕಟ್ಟಿಕೊಟ್ಟ ಮನೆಯವರ ಬದುಕು, ಊರವರು ಕಟ್ಟಿಕೊಟ್ಟ ಮನೆಯವರ ಬದುಕಿಗಿಂತ ಬೇರೆಯಾಗಿಯೂ ಕಾಣಲಿಲ್ಲ. ಆ ಪ್ರವಾಸ ಹೋದವರ ಮೇಲಾದರೂ ಆಳವಾದ ಪರಿಣಾಮ ಆಯಿತೆ ಎಂದು ನೋಡಿದರೆ, ಅದೂ ಅವರು ಹೇಳಿಕೊಂಡಷ್ಟು ಇರಲಿಲ್ಲ.

ಟಾಂಜಾನಿಯಾದಿಂದ ಇನ್ನೊಂದು ಸಂಗತಿ ಬಂತು. ಶಾಲೆಯ ಹುಡುಗಿಯಾಗಿದ್ದಾಗ ಅಲ್ಲಿಗೆ ಗ್ರಂಥಾಲಯ ಕಟ್ಟಲು ಹೋಗಿದ್ದ ಅಮೆರಿಕದ ಲೇಖಕಿಯೊಬ್ಬಳು 2014ರಲ್ಲಿ ಅದನ್ನು ಬರೆದಳು. ಹಗಲೆಲ್ಲ ಈ ಹುಡುಗಿಯರು ಇಟ್ಟಿಗೆ ಜೋಡಿಸುತ್ತಿದ್ದರು. ಗೋಡೆ ಸೊಟ್ಟ. ರಾತ್ರಿ ಊರಿನ ಗಂಡಸರು ಬಂದು ಅದನ್ನು ಕಿತ್ತು, ನೆಟ್ಟಗೆ ಕಟ್ಟಿ ಹೋಗುತ್ತಿದ್ದರು. ಬೆಳಗ್ಗೆ ಎದ್ದವರಿಗೆ ಗೊತ್ತಾಗಬಾರದು ಎಂದು. ನಕ್ಕುಬಿಡಬಹುದಾದ ಕಥೆ. ನನಗೆ ಆ ಗಂಡಸರ ಸೌಜನ್ಯವೇ ದೊಡ್ಡದಾಗಿ ಕಾಣುತ್ತದೆ. ಅತಿಥಿಯ ಮನಸ್ಸು ನೋಯಬಾರದು ಎಂದು ನಿದ್ದೆಗೆಟ್ಟವರು ಅವರು. ಸೇವೆ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು?

ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರ ನೋಡಿದವರಿಗೆ ಇದು ಅಪರಿಚಿತವಲ್ಲ. 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ, ಮೂವತ್ತೇಳು ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಯೋಜನೆ ಅದು. ಏಳು ದಿನದ ಶಿಬಿರಕ್ಕೆ ಹಳ್ಳಿಗೆ ಹೋದ ನಮ್ಮ ಹುಡುಗರೂ ಗುದ್ದಲಿ ಹಿಡಿದು ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಳ್ಳುತ್ತಾರೆ. ಅವರು ತೆಗೆದ ಚರಂಡಿ ಮುಂದಿನ ಮಳೆಗೆ ಹೂಳು ತುಂಬುತ್ತದೆ. ಆದರೂ ಆ ಶಿಬಿರ ವ್ಯರ್ಥ ಎಂದು ನಾನು ಹೇಳಲಾರೆ. ಶಾಲೆಯ ಜಗಲಿಯಲ್ಲಿ ಮಲಗಿ, ಊರವರು ತಂದುಕೊಟ್ಟ ಮಜ್ಜಿಗೆ ಕುಡಿದು, ಪಟ್ಟಣದ ಹುಡುಗನಿಗೆ ಹಳ್ಳಿಯಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಗೊತ್ತಾಗುವುದು ಸಣ್ಣ ಪಾಠವಲ್ಲ. ಮೇಲಾಗಿ ಅಲ್ಲಿ ಹುಡುಗರಿಗೂ ಊರಿಗೂ ಭಾಷೆ ಒಂದೇ, ಬಸ್ಸು ಹತ್ತಿದರೆ ಮತ್ತೆ ಹೋಗಬಹುದು, ತಪ್ಪು ಮಾಡಿದರೆ ಊರಿನ ಅಜ್ಜಿ ಗದರಬಹುದು. ಹೊರದೇಶದಿಂದ ವಿಮಾನದಲ್ಲಿ ಬಂದವರನ್ನು ಗದರುವವರು ಯಾರು?

ಚರಂಡಿ, ಗೋಡೆ ಹಾಳಾದರೆ ಮತ್ತೆ ಕಟ್ಟಬಹುದು. ಮಕ್ಕಳ ವಿಷಯ ಹಾಗಲ್ಲ. ಈ ಮಾತಿಗಾಗಿಯೇ ಮುಖ್ಯವಾಗಿ ನಾನು ಇವತ್ತು ನಿಮ್ಮ ಮುಂದೆ ಬಂದದ್ದು.

ನೇಪಾಳಕ್ಕೆ ಬನ್ನಿ. 1996ರಿಂದ 2006ರವರೆಗೆ ಅಲ್ಲಿ ಮಾವೋವಾದಿಗಳ ಯುದ್ಧ ನಡೆಯಿತು. ಹುಮ್ಲಾದಂಥ ದೂರದ ಗುಡ್ಡಗಾಡು ಜಿಲ್ಲೆಗಳಲ್ಲಿ ಮಕ್ಕಳನ್ನು ಪಡೆಗೆ ಎಳೆದೊಯ್ಯುವ ಭಯ. ಆಗ ದಲ್ಲಾಳಿಗಳು ಬಂದರು. ಮಗುವನ್ನು ಕಾಠ್ಮಂಡುವಿನ ಒಳ್ಳೆಯ ಶಾಲೆಗೆ ಸೇರಿಸುತ್ತೇವೆ, ಊಟ ವಸತಿ ಕೊಡುತ್ತೇವೆ ಎಂದರು. ತಂದೆತಾಯಿ ಹೊಲ ಮಾರಿ, ಸಾಲ ಮಾಡಿ, ದಲ್ಲಾಳಿಗೇ ದುಡ್ಡು ಕೊಟ್ಟು ಮಗುವನ್ನು ಕಳಿಸಿದರು. ಮಗು ಹೋಗಿ ಸೇರಿದ್ದು ಅನಾಥಾಲಯಕ್ಕೆ. ಕಾಗದದಲ್ಲಿ ಅದು ತಬ್ಬಲಿಯಾಯಿತು. ಅಮೆರಿಕದ ಕಾನರ್ ಗ್ರೆನನ್ ಎಂಬ ಯುವಕ ಕಾಠ್ಮಂಡು ಬಳಿಯ ಇಂಥದೊಂದು ಮನೆಗೆ ಸ್ವಯಂಸೇವಕನಾಗಿ ಹೋದ. ಇವರು ಅನಾಥರಲ್ಲ ಎಂದು ಗೊತ್ತಾದ ಮೇಲೆ, ಮಕ್ಕಳ ಫೋಟೋ ಹಿಡಿದುಕೊಂಡು ಹುಮ್ಲಾದ ಬೆಟ್ಟ ಹತ್ತಿ ತಂದೆತಾಯಿಯರನ್ನು ಹುಡುಕಿದ. ಮಕ್ಕಳನ್ನು ಮನೆ ಸೇರಿಸುವುದಕ್ಕೇ ಒಂದು ಸಂಸ್ಥೆ ಕಟ್ಟಿದ. ನೇಪಾಳದ ಅನಾಥಾಲಯಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಒಬ್ಬರಾದರೂ ಬದುಕಿದ್ದಾರೆ ಎಂಬುದು ಈಗ ಎಲ್ಲರೂ ಒಪ್ಪಿದ ಮಾತು.

ಇಷ್ಟೊಂದು ಅನಾಥಾಲಯಗಳು ಎಲ್ಲಿ ಹುಟ್ಟಿಕೊಂಡವು ಗೊತ್ತೆ? ಮಕ್ಕಳು ಹೆಚ್ಚು ಬಡವರಾಗಿರುವ ಪಶ್ಚಿಮದ ಬೆಟ್ಟಗಳಲ್ಲಿ ಅಲ್ಲ. ಕಾಠ್ಮಂಡು ಕಣಿವೆಯಲ್ಲಿ, ಪೋಖರಾ ಇರುವ ಕಾಸ್ಕಿಯಲ್ಲಿ, ಘೇಂಡಾಮೃಗ ನೋಡಲು ಜನ ಹೋಗುವ ಚಿತ್ವನ್‌ನಲ್ಲಿ. ಎಲ್ಲಿ ಪ್ರವಾಸಿಗರೋ ಅಲ್ಲಿ ಅನಾಥಾಲಯ. ಸ್ವಯಂಸೇವಕ ಬರುತ್ತಾನೆ, ಕಂಪನಿಗೆ ಶುಲ್ಕ ಕಟ್ಟುತ್ತಾನೆ, ಮಕ್ಕಳ ಹರಕು ಅಂಗಿ ನೋಡಿ ಕರಗಿ ಹೋಗುವಾಗ ಕೈಯೆತ್ತಿ ದಾನ ಕೊಡುತ್ತಾನೆ. ಅಂಗಿ ಹರಕಾಗಿದ್ದಷ್ಟೂ ಮಾಲೀಕನಿಗೆ ಲಾಭ. ಆ ದಾನದಿಂದ ಇನ್ನೊಂದು ಕೋಣೆ ಏಳುತ್ತದೆ. ಅದನ್ನು ತುಂಬಿಸಲು ದಲ್ಲಾಳಿ ಮತ್ತೆ ಬೆಟ್ಟ ಹತ್ತುತ್ತಾನೆ. ಎರಡು ವಾರ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮುದ್ದಾಡಿ, ಅಳುತ್ತ ಬೀಳ್ಕೊಂಡು ಹೋಗುವ ಅಕ್ಕ. ಅವಳು ಹೋದ ಸೋಮವಾರವೇ ಇನ್ನೊಬ್ಬ ಅಣ್ಣ. ಹೀಗೆ ವರ್ಷವಿಡೀ ಬಿಟ್ಟುಹೋಗುವವರನ್ನೇ ನೋಡಿ ಬೆಳೆದ ಮಗು ಯಾರನ್ನು ನಂಬೀತು? ಗುರುತು ಪರಿಚಯ ಇಲ್ಲದ, ಹಿಂದುಮುಂದು ವಿಚಾರಿಸದ ಯಾರನ್ನೋ ನಮ್ಮ ಅಂಗನವಾಡಿಯ ಒಳಗೆ ಬಿಡುತ್ತೇವೆಯೇ? ನಮ್ಮ ಮಕ್ಕಳಿಗೆ ಸಲ್ಲದ್ದು ಹುಮ್ಲಾದ ಮಕ್ಕಳಿಗೆ ಹೇಗೆ ಸಲ್ಲುತ್ತದೆ?

2015ರ ಏಪ್ರಿಲ್ 25ರ ಭೂಕಂಪದ ನಂತರ ಈ ದಂಧೆ ಬೆಳೆದೀತು ಎಂದು ಯುನಿಸೆಫ್ ಎಚ್ಚರಿಸಿತು. ತಂದೆತಾಯಿ ಇಲ್ಲವೆ ಪೋಷಕರ ಜೊತೆಯಿಲ್ಲದೆ ಮಕ್ಕಳನ್ನು ಜಿಲ್ಲೆಯಿಂದಾಚೆ ಸಾಗಿಸದಂತೆ ನೇಪಾಳ ಸರ್ಕಾರ ನಿರ್ಬಂಧ ಹಾಕಿತು. ಕಾಂಬೋಡಿಯಾದಲ್ಲೂ ಇದೇ ಕಥೆ, ಪ್ರವಾಸಿಗರು ಹೆಚ್ಚಿದಂತೆ ಅನಾಥಾಲಯಗಳು ಹೆಚ್ಚಿದವು. ತನ್ನ ಪ್ರಜೆಗಳ ದಾನವೇ ಇದಕ್ಕೆ ಇಂಧನ ಎಂದು ಕಂಡುಕೊಂಡ ಆಸ್ಟ್ರೇಲಿಯಾ, 2018ರ ಆಧುನಿಕ ಗುಲಾಮಗಿರಿ ಕಾಯ್ದೆಯ ಸಂದರ್ಭದಲ್ಲಿ, ಅನಾಥಾಲಯಕ್ಕಾಗಿ ಮಕ್ಕಳನ್ನು ಸಾಗಿಸುವುದೂ ಗುಲಾಮಗಿರಿಯ ಒಂದು ಬಗೆ ಎಂದು ಒಪ್ಪಿಕೊಂಡಿತು. ಹಾಗೆ ಒಪ್ಪಿದ ಮೊದಲ ದೇಶ ಅದು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಗೊತ್ತುವಳಿಯಲ್ಲೂ ಈ ಮಾತು ಬಂತು.

ಹಾಗಾದರೆ ಯಾರೂ ಎಲ್ಲಿಗೂ ಹೋಗಬಾರದೆ? ಹಾಗಲ್ಲ. ಹೊರಗಿನವರೇ ಬೇಕಾಗುವ ಕೆಲಸಗಳು ಒಮ್ಮೊಮ್ಮೆ ಇರುತ್ತವೆ. ಆಫ್ಘಾನಿಸ್ತಾನದಲ್ಲಿ ಸಿಡುಬಿನ ವಿರುದ್ಧ ಲಸಿಕೆ ಹಾಕುವ ಕಾಲ. ಪರದೆಯ ಒಳಗಿನ ಹೆಂಗಸರಿಗೂ ಕೂಸುಗಳಿಗೂ ಗಂಡಸರು ಲಸಿಕೆ ಹಾಕುವಂತಿಲ್ಲ. ಲಸಿಕೆ ಹಾಕಬಲ್ಲ ಹೆಂಗಸರು ಸಾಕಷ್ಟಿಲ್ಲ. ಪೀಸ್ ಕೋರ್‌ನ ಯುವತಿಯರು ಭಾಷೆ ಕಲಿತು ಹಳ್ಳಿಹಳ್ಳಿಗೆ ನಡೆದರು, ಮನೆಯ ಒಳಕೋಣೆಗೆ ಹೋದರು. ಇಥಿಯೋಪಿಯಾದಲ್ಲೂ ಹಾಗೆಯೇ, ರಸ್ತೆಯಿಲ್ಲದ ಬೆಟ್ಟಗಳಲ್ಲಿ ಕಾಲ್ನಡಿಗೆಯಲ್ಲಿ, ಹೇಸರಗತ್ತೆಯ ಮೇಲೆ ಅಲೆದು ರೋಗಿಗಳನ್ನು ಪತ್ತೆ ಹಚ್ಚಿದವರಲ್ಲಿ ಅಮೆರಿಕ, ಜಪಾನ್‌ಗಳ ಯುವಕರಿದ್ದರು. 1976ರಲ್ಲಿ ಆ ದೇಶದ ಕೊನೆಯ ಸಿಡುಬು ಪ್ರಕರಣ ಕಾಣಿಸಿತು. ಅಲ್ಲಿ ಕೆಲಸ ಏನೆಂದು ಮೊದಲೇ ಗೊತ್ತಿತ್ತು, ಮೇಲೆ ಆ ದೇಶದ್ದೇ ಅಧಿಕಾರಿ ಇದ್ದ, ಕೆಲಸ ಮುಗಿದದ್ದು ಲೆಕ್ಕದಲ್ಲಿ ಕಾಣುತ್ತಿತ್ತು.

ಪ್ರಯಾಣದ ದಿಕ್ಕನ್ನೇ ತಿರುಗಿಸಿದವರೂ ಇದ್ದಾರೆ. ರಾಜಸ್ಥಾನದ ತಿಲೋನಿಯಾದಲ್ಲಿ ಬಂಕರ್ ರಾಯ್ 1972ರಲ್ಲಿ ಶುರು ಮಾಡಿದ ಬೇರ್‌ಫುಟ್ ಕಾಲೇಜಿಗೆ ಆಫ್ರಿಕಾದ ಹಳ್ಳಿಗಳಿಂದ ಅಜ್ಜಿಯರು ಬಂದರು. ಹೆಚ್ಚಿನವರಿಗೆ ಅಕ್ಷರ ಬಾರದು, ಊರು ಬಿಟ್ಟು ಹೊರಗೆ ಹೋದವರೇ ಅಲ್ಲ. ಖರ್ಚು ಭಾರತ ಸರ್ಕಾರದ್ದು. ಆರು ತಿಂಗಳು ಕೂತು, ಬಣ್ಣ ನೋಡಿ, ಕೈಸನ್ನೆಯಲ್ಲಿ ಸೌರದೀಪ ಜೋಡಿಸುವುದು, ರಿಪೇರಿ ಮಾಡುವುದು ಕಲಿತು ಊರಿಗೆ ಹಿಂದಿರುಗಿದರು. ದೀಪ ಕೆಟ್ಟರೆ ಸರಿಮಾಡುವ ಕೈ ಊರಿನಲ್ಲೇ ಇರುತ್ತದೆ. ಯುವಕರಿಗೇಕೆ ಕಲಿಸುವುದಿಲ್ಲ ಎಂದರೆ ತಿಲೋನಿಯಾದವರ ಉತ್ತರ ಸರಳ: ಹುಡುಗರು ಸರ್ಟಿಫಿಕೇಟು ಸಿಕ್ಕೊಡನೆ ಪಟ್ಟಣಕ್ಕೆ ಓಡುತ್ತಾರೆ, ಅಜ್ಜಿ ಎಲ್ಲಿಗೂ ಓಡುವುದಿಲ್ಲ.

ನಮ್ಮಲ್ಲೇ ಒಂದು ನಿದರ್ಶನವಿದೆ. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳಾಗಿದ್ದಾಗ ಡಾ. ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು 1984ರಲ್ಲಿ ಶುರು ಮಾಡಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ, ಜೇನುಕುರುಬರು, ಕಾಡುಕುರುಬರ ನಡುವೆ ಬೆಳೆಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಲ್ಲಿಗೆ ಬರುತ್ತಾರೆ. ಬರುವುದು ಉದ್ಧಾರ ಮಾಡಲು ಅಲ್ಲ, ಪಾಠಕ್ಕೆ. ಪಾಠ ಹೇಳುವವರು ಇಲ್ಲಿಯವರು, ಯಾವ ಕೆಲಸಕ್ಕೆ ಯಾರು ಎಂದು ಹೇಳುವವರೂ ಇಲ್ಲಿಯವರು. ಬಂದವರು ವಿದ್ಯಾರ್ಥಿಗಳು, ಊರು ಪಾಠಶಾಲೆ. ಹೀಗಿದ್ದರೆ ಇಲಿಚ್ ಅವರಿಗೂ ತಕರಾರು ಇರುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಇದು ಬಿಳಿಯರ ಮಕ್ಕಳ ಕಥೆ, ನಮಗೇಕೆ ಎನ್ನುವ ಕಾಲ ಹೋಯಿತು. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಮ್ಮ ಕನ್ನಡದ ಮಕ್ಕಳು ಕಾಲೇಜಿನ ಅರ್ಜಿಯಲ್ಲಿ ಬರೆಯಲು ಬೇಕೆಂದು ಕೋಸ್ಟರಿಕಾಕ್ಕೋ ಪೆರುವಿಗೋ ಇಂಥ ಪ್ರವಾಸ ಹೋಗುತ್ತಾರೆ. ಬೆಂಗಳೂರಿನ ಕಾಲೇಜು ಹುಡುಗರು ರಜೆಯಲ್ಲಿ ಆರು ವಾರದ ಸೇವೆಗೆಂದು ಶ್ರೀಲಂಕಾ, ವಿಯೆಟ್ನಾಂ, ಈಜಿಪ್ಟ್‌ಗಳಿಗೆ ಹೊರಡುತ್ತಾರೆ. ಹೋಗಲಿ, ಬೇಡವೆನ್ನುವುದಿಲ್ಲ. ಜಗತ್ತು ನೋಡಲಿ. ಹೋಗುವ ಮುನ್ನ ಆ ದೇಶದ ಮಾತು ನಾಲ್ಕಾದರೂ ಕಲಿಯಲಿ, ಅದರ ಚರಿತ್ರೆಯ ಒಂದು ಪುಸ್ತಕವನ್ನಾದರೂ ಓದಲಿ. ಹೋದ ಮೇಲೆ ಊರವರು ಹೇಳಿದ ಕೆಲಸ ಮಾಡಲಿ. ಅದು ಪಾತ್ರೆ ತೊಳೆಯುವುದಾದರೆ ಪಾತ್ರೆ ತೊಳೆಯಲಿ.

ತಂದೆತಾಯಿಯರಲ್ಲಿ, ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಹಣ ಕಟ್ಟುವ ಮುನ್ನ ಕಂಪನಿಯವರಿಗೆ ಫೋನು ಮಾಡಿ ಕೇಳಿ: ಈ ಕೆಲಸಕ್ಕೆ ಊರಿನಲ್ಲಿ ಯಾರು ಕರೆದಿದ್ದಾರೆ, ಅವರ ಹೆಸರೇನು? ನಾವು ಕಟ್ಟುವ ಹಣದಲ್ಲಿ ಊರಿಗೆ ಎಷ್ಟು ಹೋಗುತ್ತದೆ? ಇದೇ ಕೆಲಸಕ್ಕೆ ಅಲ್ಲಿ ಕೂಲಿಯವರು ಸಿಗುವುದಿಲ್ಲವೆ? ನೇರ ಉತ್ತರ ಬಾರದಿದ್ದರೆ ಹಣ ಕಟ್ಟಬೇಡಿ. ಮತ್ತೆ, ಆ ಪ್ರವಾಸದ ಪಟ್ಟಿಯಲ್ಲಿ ಅನಾಥಾಲಯ ಎಂಬ ಹೆಸರು ಎಲ್ಲಿಯಾದರೂ ಇದ್ದರೆ, ಬೇರೆ ಪ್ರಶ್ನೆಯನ್ನೇ ಕೇಳದೆ ನಿಮ್ಮ ಮಗನನ್ನೋ ಮಗಳನ್ನೋ ಮನೆಯಲ್ಲೇ ಉಳಿಸಿಕೊಳ್ಳಿ.